ಹುಲ್ಲಿನ ಕಾವಲು

ಶಾಮಿಯಾನದವನು ಗೂಟ ಹೊಡೆಯಲು ಹಾರೆ ಎತ್ತಿದ್ದೇ ತಡ, ಆಕೆ ಮೆಟ್ಟಿಲಿಳಿದು ಓಡಿ ಬಂದಳು.

"ಅಲ್ಲಿ ಬೇಡಪ್ಪಾ. ಹುಲ್ಲು ಹಾಳಾಗುತ್ತೆ, ಅವರು ಬೈತಾರೆ."

ಅದು ಗಂಡ ಮೂರು ವರ್ಷ ಮಗುವಿನಂತೆ ಸಾಕಿದ ಹುಲ್ಲುಹಾಸು. ಕೆಮ್ಮಣ್ಣಿಗೆ ಗೊಬ್ಬರ ಬೆರೆಸಿ ಒಂದೊಂದೇ ಬುಡ ನೆಟ್ಟಿದ್ದ. ದಿನಾ ಬೆಳಿಗ್ಗೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ. ಬೀಗರು ಬಂದಾಗಲೂ ಅದರ ಮೇಲೆ ಕುರ್ಚಿ ಹಾಕಲು ಬಿಟ್ಟಿರಲಿಲ್ಲ.

"ಮತ್ತೆಲ್ಲಿ ಹಾಕ್ಲಿ ಅಮ್ಮಾ? ಜನ ತುಂಬಾ ಬರ್ತಾರೆ."

"ರಸ್ತೇಲಿ ಹಾಕು."

"ಅತ್ತಿಗೆ, ಇವತ್ತೊಂದಿನ..." ಎಂದ ಮೈದುನ.

"ನಿಮ್ಮಣ್ಣನ ಸ್ವಭಾವ ನಿಮಗೆ ಗೊತ್ತಿಲ್ವಾ?"

ಮೈದುನ ಶಾಮಿಯಾನದವನಿಗೆ ಗೇಟಿನತ್ತ ಕೈ ತೋರಿಸಿದ. ಶಾಮಿಯಾನ ರಸ್ತೆಗೆ ಹೋಯಿತು, ಅದರ ಹಿಂದೆ ಕುರ್ಚಿಗಳೂ ಹೋದವು. ಬಂದವರೆಲ್ಲ ಕಾಂಪೌಂಡಿನ ಆಚೆಯೇ ನಿಂತರು. ಆಕೆ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದಳು.

ಹತ್ತು ಗಂಟೆಗೆ ಆಸ್ಪತ್ರೆಯ ವ್ಯಾನು ಬಂತು. ಬಿಳಿ ಬಟ್ಟೆ ಸುತ್ತಿದ ಗಂಡನನ್ನು ನಾಲ್ವರು ಇಳಿಸಿಕೊಂಡು, ಹುಲ್ಲು ತುಳಿಯದಂತೆ ಬಳಸಿ, ಜಗಲಿಯ ಚಾಪೆಯತ್ತ ನಡೆದರು.

ಆಕೆ ಪೈಪು ಕೆಳಗಿಟ್ಟಳು.

"ಅಲ್ಲಿ ಬೇಡ, ಹುಲ್ಲಿನ ಮೇಲೆ ಮಲಗಿಸಿ. ಒಂದಿನಾನೂ ಅವರು ಅದರ ಮೇಲೆ ಕೂತಿಲ್ಲ."