ಮೇಪಲ್ ಮಣೆ

ಮುನೆಮ್ಮ ಊಟದ ತಟ್ಟೆಯನ್ನು ಬೋರಲು ಹಾಕಿ ಅದರ ಮೇಲೆ ಚಪಾತಿ ಲಟ್ಟಿಸುತ್ತಿದ್ದುದನ್ನು ಕಂಡು ಸೊಸೆ ಭಾರ್ಗವಿಗೆ ಇವತ್ತು ಸುಮ್ಮನಿರಲಾಗಲಿಲ್ಲ. ಹಿಂದೂಪುರದಲ್ಲಿ ತಾನು ಕೆಲಸ ಮಾಡುವ ಫರ್ನಿಚರ್ ವರ್ಕ್‌ಶಾಪಿನಿಂದ ಮಿಕ್ಕ ಮೇಪಲ್ ತುಂಡೊಂದನ್ನು ಕೇಳಿ ತಂದು, ಕೈ ಬೊಬ್ಬೆ ಏಳುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ ಅವಳೇ ಮಾಡಿದ ಚಪಾತಿ ಮಣೆ, ಮೂಲೆಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ದೇವರ ಪಟದ ಪಕ್ಕ ಒರಗಿತ್ತು.

"ಅತ್ತೆ, ನಾ ಮಾಡಿದ್ದು ಹಿಡಿಸ್ಲಿಲ್ವಾ?"

"ಅಯ್ಯೋ, ಹಂಗಲ್ಲ ಕಣಮ್ಮ. ವೇಪ ಅಂದ್ಯಲ್ಲ? ನಿಮ್ಮ ಕಲ್ಯಾಣದುರ್ಗದ ತೆಲುಗಿನಾಗೆ ಬೇವಿಗೆ ಹಂಗೇ ತಾನೇ ಅನ್ನೋದು? ಮಾರಮ್ಮನ ಮರ, ಅದ್ರ ಮ್ಯಾಲೆ ಲಟ್ಟಿಸೋದಾ? ಚಪಾತೀನೂ ಕಹಿ ಆಗ್ತದೆ."

ಭಾರ್ಗವಿ ನಕ್ಕುಬಿಟ್ಟಳು. "ವೇಪ ಅಲ್ಲತ್ತೆ, ಮೇಪಲ್! ಫಾರಿನ್ ಮರ. ಕಲ್ಲಿನಂಗೆ ಗಟ್ಟಿ. ವಾಸ್ನೆ ಇಲ್ಲ, ಕಹಿ ಇಲ್ಲ."

ಮುನೆಮ್ಮ ಎದ್ದು ಹೋಗಿ ಮಣೆ ತಂದಳು. ಅಂಚನ್ನು ನಾಲಿಗೆಗೆ ತಾಗಿಸಿ ನೋಡಿದಳು. ಕಹಿಯಿರಲಿಲ್ಲ. ಭಾರ್ಗವಿ ವೇಲಿನ ತುದಿಯಿಂದ ಕುಂಕುಮ ಒರೆಸಲು ಹೋದಾಗ ಅತ್ತೆ ಅವಳ ಕೈ ಹಿಡಿದು, ಹಿಟ್ಟಿನ ಉಂಡೆಯನ್ನು ಮಣೆಯ ನಡುವೆ ಇಟ್ಟಳು.

"ಇರ್ಲಿ ಬುಡಮ್ಮ, ಮಾರಮ್ಮ ಮೂಲೇಲಿ ಕೂತಿರ್ಲಿ. ಲಟ್ಟಿಸಾಕೆ ಬೇಕಾದಷ್ಟು ಜಾಗ ಐತೆ."