ಶಿವಲೀಲಾಳ ‘ರೀ’

ಹಾಲಿನ ಪಾತ್ರೆಗೆ ತಟ್ಟೆ ಮುಚ್ಚದೆ ಬಿಟ್ಟವರು ಯಾರು ಎಂಬ ಘನಗಂಭೀರ ಪ್ರಶ್ನೆ ಅಂದು ಹುಬ್ಬಳ್ಳಿಯ ದಾಂಪತ್ಯ ಸುಧಾರಣಾ ಕೇಂದ್ರದ ಮುಂದೆ ವಿಚಾರಣೆಗೆ ಬಂದಿತ್ತು. ಹಾಲು ಕುಡಿದ ಬೆಕ್ಕಿಗೆ ಮಾತ್ರ ಸಮನ್ಸ್ ಹೋಗಿರಲಿಲ್ಲ.

ಊರಿನ ಎಲ್ಲ ಗಂಡಹೆಂಡಿರಂತೆ ಶಿವಲೀಲಾ ಮತ್ತು ಮಡಿವಾಳಪ್ಪನ ಕೊರಳಲ್ಲೂ ‘ಕಂಠಿ’ ಎಂಬ ಮಾತು ತಿದ್ದುವ ಯಂತ್ರವಿತ್ತು. ಬಾಯಲ್ಲಿ ಏನೇ ಹುಟ್ಟಿದರೂ ಕಂಠಿ ಅದನ್ನು ಸೋಸಿ, ಸಕ್ಕರೆ ಬೆರೆಸಿ ಹೊರಗೆ ಬಿಡುತ್ತಿತ್ತು.

ಶಿವಲೀಲಾ ಗಂಡನನ್ನು ಕೆಕ್ಕರಿಸಿ ನೋಡಿ “ರೀ!” ಎಂದಳು.

“ಪ್ರೀತಿಯ ಮಡಿವಾಳಪ್ಪ, ನನಗೆ ಕೊಂಚ ಬೇಸರವಾಗಿದೆ,” ಎಂದಿತು ಕಂಠಿ, ಅವಳದೇ ದನಿಯಲ್ಲಿ.

ಅವಳಿಗೆ ಮೈಯೆಲ್ಲ ಉರಿಯಿತು. ಮದುವೆಯಾದಂದಿನಿಂದ ಗಂಡನ ಹೆಸರು ಹೇಳಿದವಳಲ್ಲ. ಸಿಟ್ಟು, ಮುದ್ದು, ಊಟಕ್ಕೆ ಕರೆಯುವುದು, ನೆಂಟರೆದುರು ಅವನ ಬಾಯಿ ಮುಚ್ಚಿಸುವುದು, ಎಲ್ಲವೂ ಆ ಒಂದು ‘ರೀ’ಯಲ್ಲೇ ನಡೆದುಹೋಗುತ್ತಿತ್ತು. ಕಂಠಿ ಬಂದ ಮೇಲೆ ಅವನು ತಿರುಗಿ ನೋಡುವುದನ್ನೇ ಬಿಟ್ಟಿದ್ದ.

“ಎಷ್ಟ ಚಂದ ಮಾತಾಡಿದ್ರಿ!” ಎಂದರು ಎದುರು ಕೂತಿದ್ದ ಕೇಂದ್ರದ ಸಲಹೆಗಾರ್ತಿ. “ಇನ್ನೊಂದು ವರ್ಷ ಹಾಕ್ಕೊಂಡ್ರ ಪೂರ್ತಿ ಗುಣ ಆಗ್ತದ.”

ಶಿವಲೀಲಾ ಕಂಠಿ ಕಿತ್ತು ಮೇಜಿನ ಮೇಲೆ ಕುಕ್ಕಿದಳು. “ರೀ!”

ಮಡಿವಾಳಪ್ಪ ಬೆಚ್ಚಿ ತಿರುಗಿದ. ತನ್ನ ಕಂಠಿಯನ್ನೂ ಬಿಚ್ಚಿದ. “ಬಂದ್ಯಾ? ಎಲ್ಲಿ ಹೋಗಿದ್ದಿ ಇಷ್ಟ ದಿನಾ?”

“ನಾ ಇಲ್ಲೇ ಇದ್ದೆ. ಹಾಲು ಯಾಕ ಮುಚ್ಚಲಿಲ್ಲ, ಅದನ್ನ ಹೇಳ್ರಿ ಮೊದಲ!”

“ಕಂಠಿ ಹಾಕ್ಕೊಳ್ರಿ!” ಸಲಹೆಗಾರ್ತಿ ಎದ್ದು ನಿಂತರು. “ಇಲ್ಲಾಂದ್ರ ಇಬ್ಬರನ್ನೂ ನಪಾಸ್ ಮಾಡ್ತೀನಿ.”

“ಮಾಡ್ರಿ ಅಕ್ಕಾರ,” ಎಂದ ಮಡಿವಾಳಪ್ಪ, ಕುರ್ಚಿಯನ್ನು ಹೆಂಡತಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತ. “ಇಕಿ ಬೈದು ಮುಗಸಲಿ, ಆಮ್ಯಾಲೆ ಮಾಡ್ರಿ.”

ಇಬ್ಬರೂ ನಪಾಸಾದರು. ಹಾಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.