ಸಕ್ಕರೆ ಕಳ್ಳಿ

ಬೆಕ್ಕನ್ನು ಬುಟ್ಟಿಗೆ ತುರುಕಿ ಅಜ್ಜಿ ಇನ್ನೇನು ಮುಚ್ಚಳಕ್ಕೆ ಹಗ್ಗ ಬಿಗಿಯಬೇಕು, ಅಷ್ಟರಲ್ಲಿ ಮೊಮ್ಮಗಳು ಪ್ರಯೋಗಾಲಯದಿಂದ ಮನೆಗೆ ಬಂದಳು.

"ಎಲ್ಲಿಗಜ್ಜಿ ಇದರ ಸವಾರಿ?"

"ಊರಾಚೆ ಬಿಟ್ಟು ಬರೋಕೆ. ದಿನಾ ಸಕ್ಕರೆ ಡಬ್ಬಿಗೆ ಬಾಯಿ ಹಾಕತ್ತೆ, ಕಳ್ಳಿ! ನಿಮ್ಮಜ್ಜ ಕಣ್ಣಾರೆ ನೋಡಿದಾರೆ."

ಪ್ರಾಣಿಗಳ ಜೀನೋಮ್ ಓದುವುದೇ ಮೊಮ್ಮಗಳ ಕೆಲಸ. ಅವಳಿಗೆ ನಗು ಬಂತು. "ಬೆಕ್ಕಿಗೆ ಸಿಹಿ ಅಂದ್ರೇನು ಅಂತಾನೇ ಗೊತ್ತಾಗಲ್ಲ ಅಜ್ಜಿ. ಲಕ್ಷಾಂತರ ವರ್ಷ ಬರೀ ಮಾಂಸ ತಿಂದು ಬದುಕಿದ ವಂಶ, ಸಿಹಿಯ ಗೊಡವೆನೇ ಬೇಕಾಗ್ಲಿಲ್ಲ. ಆ ರುಚಿ ಹೇಳೋ ಜೀನ್ ಕೆಟ್ಟು ಮೂಲೆ ಸೇರಿದೆ. ಹುಲಿಗೂ ಅಷ್ಟೇ, ಸಿಂಹಕ್ಕೂ ಅಷ್ಟೇ. ಇದಕ್ಕೆ ಸಕ್ಕರೆನೂ ಒಂದೇ, ಮರಳೂ ಒಂದೇ."

ಹಗ್ಗ ಹಿಡಿದ ಅಜ್ಜಿಯ ಕೈ ಅಲ್ಲೇ ನಿಂತಿತು. ಎಷ್ಟು ಪಥ್ಯ ಮಾಡಿದರೂ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿಲ್ಲವಲ್ಲ ಎಂದು ನಿನ್ನೆಯಷ್ಟೇ ಡಾಕ್ಟರ ಮುಂದೆ ನಿಟ್ಟುಸಿರು ಬಿಟ್ಟಿದ್ದ ಅಜ್ಜ, ಕುರ್ಚಿಯಲ್ಲಿ ಕುಳಿತಲ್ಲೇ ಪೇಪರನ್ನು ಮೆಲ್ಲಗೆ ಮುಖದ ಮಟ್ಟಕ್ಕೆ ಏರಿಸಿದ.

ಅಜ್ಜಿ ಬೆಕ್ಕನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಪೇಪರಿನ ಮೇಲಿಂದ ಕಣ್ಣು ತೆಗೆಯದೆ ಮೊಮ್ಮಗಳನ್ನು ಕೇಳಿದಳು:

"ಅಲ್ವೇ, ತಾನು ತಿಂದು ಮೇಕೆ ಬಾಯಿಗೆ ಒರೆಸತ್ತಲ್ಲ ಕೋತಿ, ಅದರ ಜೀನ್ ಸರಿಯಾಗಿದೆಯೇನೇ?"